ಊರಿಗೆ ಮರಳಿದವರು

ಪುಸ್ತಕವನ್ನು ಮೊದಲು ಓದಿ, ಆಮೇಲೆ ಅದರ ಚಲಚ್ಚಿತ್ರವನ್ನು ನೋಡುವವನ ಪಾಡು, ತನ್ನ ಮನೆಯನ್ನು ಬಾಡಿಗೆಗೆ ಕೊಟ್ಟು ಆರು ತಿಂಗಳ ಮೇಲೆ ನೋಡಲು ಹೋದವನ ಪಾಡಿನಂಥದು. ಗೋಡೆಗಳು ಅವೇ, ಬಾಗಿಲುಗಳೂ ಅವೇ. ಆದರೆ ದೇವರ ಗೂಡಿನಲ್ಲಿ ಅಲಾರಂ ಗಡಿಯಾರ, ತುಳಸಿಕಟ್ಟೆಯ ಮೇಲೆ ಒಗೆದ ಬಟ್ಟೆ! ಬಾಯಿಬಿಟ್ಟು ಜಗಳವಾಡುವಂತಿಲ್ಲ; ಸುಮ್ಮನಿರುವಂತೆಯೂ ಇಲ್ಲ. ಟೋಲ್ಕೀನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಮಹಾಕಥೆಯ ವಿಷಯದಲ್ಲಿ ನನಗೆ ಒದಗಿದುದು ಇಂಥದೇ ಸಂಕಟ.

ಇಂಗ್ಲಿಷ್ ಸಾಹಿತ್ಯದ ಮಿತ್ರರು ಕ್ಷಮಿಸಬೇಕು. ಉಳಿದವರಿಗಾಗಿ ಎರಡು ಮಾತು. ಟೋಲ್ಕೀನರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಹಳೆಯ ಇಂಗ್ಲಿಷ್ ಭಾಷೆಯಲ್ಲಿ ಪಂಡಿತರು. ೧೯೩೭ರಲ್ಲಿ 'ದಿ ಹಾಬಿಟ್' ಎಂಬ ಮಕ್ಕಳ ಕಥೆಯನ್ನು ಪ್ರಕಟಿಸಿದರು. ಪ್ರಕಾಶಕರು ಅದರ ಮುಂದಿನ ಭಾಗವನ್ನು ಕೇಳಿದರು. ಅದು ಬೆಳೆದು ಬೆಳೆದು, ೧೯೫೪ ಮತ್ತು ೧೯೫೫ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಹಾಬಿಟ್ಟರೆಂದರೆ ನಮ್ಮ ಅರ್ಧದಷ್ಟು ಎತ್ತರದ ಜನ. ಕಾಲಿನ ತುಂಬ ಕೂದಲು; ಹೊತ್ತುಹೊತ್ತಿಗೆ ಊಟ, ಒಳ್ಳೆಯ ಬೇಸಾಯ, ಚುಂಗಾಣಿಯ ಹೊಗೆ, ಇಷ್ಟಿದ್ದರೆ ಅವರಿಗೆ ಸ್ವರ್ಗ. ಅವರ ನಾಡು ಶೈರ್. ಲೋಕವನ್ನೇ ದಾಸ್ಯಕ್ಕೆ ತಳ್ಳಬಲ್ಲ ಉಂಗುರವೊಂದು ಫ್ರೋಡೋ ಎಂಬ ಹಾಬಿಟ್ಟನ ಕೈಗೆ ಬರುತ್ತದೆ. ಅದನ್ನು ಶತ್ರುವಿನ ನಾಡಿನ ಅಗ್ನಿಪರ್ವತದಲ್ಲಿಯೇ ಎಸೆದು ನಾಶಮಾಡಬೇಕು. ತೋಟದ ಮಾಲಿ ಸ್ಯಾಮ್ ಅವನ ಜೊತೆಗೆ ಹೊರಡುತ್ತಾನೆ. ಮೆರಿ, ಪಿಪ್ಪಿನ್ ಎಂಬ ಇಬ್ಬರು ಮಿತ್ರರೂ ಹೊರಡುತ್ತಾರೆ. ಕಥೆಯ ಬೀಜ ಇಷ್ಟೆ.

ಪಿ.ಯು. ಮುಗಿಸಿದ ಬೇಸಗೆಯಲ್ಲಿ, ಪಕ್ಕದಲ್ಲಿ ನಿಘಂಟನ್ನು ಇಟ್ಟುಕೊಂಡು ನಾನು ಇದನ್ನು ಓದಿದೆ. ಸಾವಿರಕ್ಕೂ ಮಿಕ್ಕ ಪುಟ. ಮೊದಲ ನೂರು ಪುಟಗಳಲ್ಲಿ ನಿಘಂಟಿನದೇ ಓಡಾಟ. ಆಮೇಲೆ ಅದರ ನೆನಪೇ ಆಗಲಿಲ್ಲ. ಕಾಲೇಜಿಗೆ ಸೇರಿದ ಮೇಲೆ, ಹಾಸ್ಟೆಲಿನ ಮಿತ್ರನೊಬ್ಬನ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ನೋಡಿದೆ. ಪೀಟರ್ ಜ್ಯಾಕ್ಸನ್ ಎಂಬ ನಿರ್ದೇಶಕರು ತಮ್ಮ ನಾಡಾದ ನ್ಯೂಜಿಲೆಂಡಿನಲ್ಲಿಯೇ ಮೂರನ್ನೂ ಒಟ್ಟಿಗೆ ಚಿತ್ರೀಕರಿಸಿದರು. ಅವು ೨೦೦೧, ೨೦೦೨, ೨೦೦೩ರಲ್ಲಿ, ವರ್ಷಕ್ಕೊಂದರಂತೆ ತೆರೆಕಂಡವು. ಮೂರನೆಯದಕ್ಕೆ ೨೦೦೪ರಲ್ಲಿ ೧೧ ಆಸ್ಕರ್ ಪ್ರಶಸ್ತಿಗಳು ದೊರೆತವು; ಸ್ಪರ್ಧೆಗೆ ನಿಂತ ಹನ್ನೊಂದು ವಿಭಾಗಗಳಲ್ಲಿ ಹನ್ನೊಂದನ್ನೂ ಗೆದ್ದಿತು.

ಗುಣವನ್ನು ಮೊದಲು ಹೇಳಬೇಕಾದುದು ನ್ಯಾಯ. ಉಂಗುರದ ಮೋಹಕ್ಕೆ ಸಿಕ್ಕಿ ಹುಳುವಿನಂತಾದ ಗಾಲಮ್‌ನನ್ನು ನಾನು ಓದುವಾಗ ಅಸಹ್ಯದಿಂದ ಕಂಡಿದ್ದೆ. ಆ್ಯಂಡಿ ಸರ್ಕಿಸ್ ಎಂಬ ನಟನ ಧ್ವನಿಯನ್ನೂ ಚಲನೆಯನ್ನೂ ಗಣಕಯಂತ್ರದ ಚಿತ್ರಕ್ಕೆ ಬೆಸೆದು ತೋರಿಸಿದ ಮೇಲೆ, ಅಸಹ್ಯದ ಪಕ್ಕದಲ್ಲಿಯೇ ಮರುಕವೂ ಬಂದು ಕುಳಿತಿತು. ಇದು ಸಣ್ಣ ಉಪಕಾರವಲ್ಲ. ಕಾಡಿನ ಮುದುಕ ಟಾಮ್ ಬಾಂಬಡಿಲ್‌ನನ್ನು ಪೂರ್ತಿಯಾಗಿ ಬಿಟ್ಟರು, ನಕ್ಕು ಸುಮ್ಮನಾದೆ. ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರ ತನಗೆ ಬೇಡವೆನ್ನುವ ಧೀರ ಫ್ಯಾರಮೀರ್‌ನನ್ನು, ಅದನ್ನು ತಂದೆಗೆ ಒಪ್ಪಿಸಲು ಹೊರಟವನನ್ನಾಗಿ ಮಾಡಿದರು. ಹಲ್ಲು ಕಚ್ಚಿ ಸಹಿಸಿದೆ. ಆದರೆ ಕೊನೆಗೆ ಬಂದಾಗ, ನಾನು ಕಾದುಕೊಂಡಿದ್ದ ಅಧ್ಯಾಯವೇ ಇಲ್ಲ! ಪರದೆಯ ಮೇಲೆ ಹೆಸರುಗಳು ಸರಿಯತೊಡಗಿದರೂ, ಇನ್ನೂ ಬರಬಹುದೆಂದು ನಾನು ಕುಳಿತೇ ಇದ್ದೆ.

ಆ ಅಧ್ಯಾಯ ಕಥೆಯಲ್ಲಿ ಕೊನೆಯದಕ್ಕಿಂತ ಒಂದು ಹಿಂದಿನದು. ಉಂಗುರ ನಾಶವಾಗಿದೆ, ನಾಲ್ವರು ಹಾಬಿಟ್ಟರೂ ಊರಿಗೆ ಮರಳುತ್ತಾರೆ. ನೋಡಿದರೆ, ಸೇತುವೆಗೆ ಗೇಟು ಹಾಕಿದೆ. ಗೋಡೆಯ ಮೇಲೆ ನಿಯಮಗಳ ಪಟ್ಟಿ. ಹೋಟೆಲುಗಳು ಮುಚ್ಚಿವೆ. ಹಂಚುವ ನೆಪದಲ್ಲಿ ಬೆಳೆಯನ್ನೆಲ್ಲ ಕೂಡಿಹಾಕಿ ಎಲ್ಲಿಗೋ ಸಾಗಿಸುತ್ತಿದ್ದಾರೆ. ಹಳೆಯ ಗಿರಣಿಯ ಜಾಗದಲ್ಲಿ ಹೊಸದೊಂದು ಹೊಗೆ ಕಾರುತ್ತಿದೆ, ಹೊಳೆಯ ನೀರನ್ನು ಕೊಳೆ ಮಾಡುತ್ತಿದೆ. ಸಾಲುಮರಗಳು ಉರುಳಿವೆ. ಊರಿನ ಹಬ್ಬಕ್ಕೆ ನೆರಳಾಗಿದ್ದ ದೊಡ್ಡ ಮರ ಕಡಿದು ಬಿದ್ದಿದೆ. ಅದನ್ನು ಕಂಡು ಸ್ಯಾಮ್ ಅತ್ತುಬಿಡುತ್ತಾನೆ. ಇದರ ಹಿಂದೆ ಇರುವವನು ಯುದ್ಧದಲ್ಲಿ ಸೋತು ಬಂದ ಮಾಂತ್ರಿಕ ಸಾರುಮನ್. ನಾಲ್ವರೂ ಊರವರನ್ನು ಎಬ್ಬಿಸಿ ಹೋರಾಡುತ್ತಾರೆ. ಆದರೆ ಫ್ರೋಡೋ ಮಾತ್ರ ಕತ್ತಿ ಹಿಡಿಯುವುದಿಲ್ಲ. ಶರಣಾದವರನ್ನು ಕೊಲ್ಲದಂತೆ ತಡೆಯುವುದೇ ಅವನ ಕೆಲಸ. ತನ್ನನ್ನು ಇರಿಯಲು ಬಂದ ಸಾರುಮನ್‌ನನ್ನೂ ಅವನು ಬಿಟ್ಟುಬಿಡುತ್ತಾನೆ. ಆಮೇಲಿನ ಮಾತು ಸ್ಯಾಮ್‌ನದು. ಗೆಲಾಡ್ರಿಯಲ್ ರಾಣಿ ತನ್ನ ತೋಟದ ಮಣ್ಣನ್ನು ಪುಟ್ಟ ಪೆಟ್ಟಿಗೆಯಲ್ಲಿ ಕೊಟ್ಟಿದ್ದಳು. ಅವನು ಅದನ್ನು ಸ್ವಂತ ತೋಟಕ್ಕೆ ಸುರಿದುಕೊಳ್ಳಲಿಲ್ಲ. ನಾಡಿನಲ್ಲೆಲ್ಲ ಸಸಿ ನೆಟ್ಟು, ಒಂದೊಂದರ ಬುಡಕ್ಕೂ ಒಂದೊಂದು ಕಣವನ್ನು ಇಡುತ್ತ ಹೋದ.

ಈ ಅಧ್ಯಾಯದ ಮೇಲೆ ನನಗೇಕೆ ಇಷ್ಟು ಮಮತೆ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮೂರಿನ ಬಸ್ ನಿಲ್ಲುವ ಜಾಗದಲ್ಲಿ ಒಂದು ಅರಳಿಮರವಿತ್ತು. ನಾನು ಮೊದಲ ವರ್ಷದ ಪರೀಕ್ಷೆಗೆ ಓದುತ್ತಿದ್ದಾಗ ರಸ್ತೆ ಅಗಲ ಮಾಡಲು ಅದನ್ನು ಕಡಿದರು. ಅಮ್ಮ ಫೋನು ಮಾಡಿ ಹೇಳಿದಳು. ನಾನು "ಅಯ್ಯೋ" ಎಂದೆ. ಆಮೇಲೆ ಮೆಸ್ಸಿಗೆ ಊಟಕ್ಕೆ ಹೋದೆ. ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನಿಂದ ಇಳಿದು, ಇದು ನಮ್ಮೂರಲ್ಲವೇನೋ ಎಂದು ಒಂದು ಗಳಿಗೆ ಅನುಮಾನಪಟ್ಟೆ. ಎಲ್ಲಿಯೋ ದೂರದಲ್ಲಿ ದುಷ್ಟರನ್ನು ಗೆದ್ದರೆ ಸಾಲದು. ಮರಳಿ ಬಂದು ಮನೆಯ ಮುಂದಿನದನ್ನೂ ನೆಟ್ಟಗೆ ಮಾಡಬೇಕು ಎಂದು ಆ ಅಧ್ಯಾಯ ನನಗೆ ಹೇಳಿತ್ತು. ಚಿತ್ರವು ಅದನ್ನೇ ಕತ್ತರಿಸಿತ್ತು. ಸಿಟ್ಟು ಬಾರದೆ ಇರುತ್ತದೆಯೇ?

ಆ ಸಿಟ್ಟನ್ನು ನನ್ನ ಕೊಠಡಿಯ ಮಿತ್ರನ ಮೇಲೆ ತೀರಿಸಿಕೊಂಡೆ. ಅವನು ಪುಸ್ತಕವನ್ನು ಓದಿದವನಲ್ಲ. ಚಿತ್ರವನ್ನು ಮಾತ್ರ ನೋಡಿದವನು. ನನ್ನ ಭಾಷಣವನ್ನೆಲ್ಲ ಕೇಳಿ, "ಆ ಹೋಟೆಲಿನ ದೃಶ್ಯ ನೋಡಿದೆಯೇನೋ?" ಎಂದ. ಚಿತ್ರದಲ್ಲಿ ನಾಲ್ವರೂ ಮರಳಿದಾಗ ಶೈರ್ ಮೊದಲಿದ್ದಂತೆಯೇ ಹಸುರಾಗಿದೆ. ಅವರು ತಮ್ಮ ಹಳೆಯ ಪಾನಗೃಹದಲ್ಲಿ ಕುಳಿತಿದ್ದಾರೆ. ಸುತ್ತಲಿನವರ ಕಣ್ಣೆಲ್ಲ ಯಾರೋ ತಂದ ಭಾರಿ ಕುಂಬಳಕಾಯಿಯ ಮೇಲೆ. ಲೋಕವನ್ನು ಉಳಿಸಿ ಬಂದ ಇವರನ್ನು ತಿರುಗಿ ನೋಡುವವರೇ ಇಲ್ಲ. ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿ, ಮಾತಿಲ್ಲದೆ ಲೋಟಗಳನ್ನು ಎತ್ತುತ್ತಾರೆ.

"ನಮ್ಮಣ್ಣ ಸೈನ್ಯದಿಂದ ರಜೆಗೆ ಬಂದಾಗ ಹೀಗೇ ಇತ್ತು ಕಣೋ," ಎಂದ ಮಿತ್ರ. "ಹೋಟೆಲಿನಲ್ಲಿ ಎಲ್ಲರೂ ಈರುಳ್ಳಿಯ ಧಾರಣೆ ಮಾತಾಡುತ್ತಿದ್ದರು. ಅವನು ಟೀ ಕುಡಿದು ಎದ್ದು ಬಂದ. ಅವನ ಜೊತೆಯವನೊಬ್ಬ ಹೋಗಿಬಿಟ್ಟಿದ್ದ ಅಂತ ನಮಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಊರು ಬದಲಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತೋ ಏನೋ."

ನನ್ನ ಬಾಯಿ ಕಟ್ಟಿತು. ಅಂದು ರಾತ್ರಿ ಇಬ್ಬರೂ ಮತ್ತೆ ಆ ಮಾತನ್ನು ಎತ್ತಲಿಲ್ಲ.

ಆಮೇಲೆ ಟೋಲ್ಕೀನರ ಜೀವನವನ್ನು ಓದಿದಾಗ, ಈ ಎರಡು ಮಾತುಗಳಿಗೂ ಅವರಲ್ಲಿಯೇ ಬೇರಿರುವುದು ಕಂಡಿತು. ಬಾಲ್ಯದಲ್ಲಿ ಅವರು ಬರ್ಮಿಂಗ್‌ಹ್ಯಾಮ್ ಬಳಿಯ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿದ್ದರು. ಅಲ್ಲೊಂದು ನೀರಗಿರಣಿಯೂ ಕೊಳವೂ ಇದ್ದವು. ತಮಗೆ ಹತ್ತು ವರ್ಷ ತುಂಬುವ ಮೊದಲೇ ಆ ಸೀಮೆ ಹಾಳಾಗತೊಡಗಿತೆಂದು, ಗ್ರಂಥದ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವರೇ ನೊಂದು ಬರೆದಿದ್ದಾರೆ. ಇದು ನನ್ನ ಅಧ್ಯಾಯದ ಬೇರು. ೧೯೧೬ರಲ್ಲಿ ಅವರು ಸೈನ್ಯಾಧಿಕಾರಿಯಾಗಿ ಫ್ರಾನ್ಸಿನ ಸೊಮ್ ರಣರಂಗಕ್ಕೆ ಹೋದರು. ಕಂದಕಗಳಲ್ಲಿ ಹೇನಿನಿಂದ ಹರಡುತ್ತಿದ್ದ ಜ್ವರಕ್ಕೆ ಸಿಕ್ಕಿ, ಆ ವರ್ಷವೇ ಇಂಗ್ಲೆಂಡಿಗೆ ಹಿಂದಿರುಗಿದರು. ೧೯೧೮ರ ಹೊತ್ತಿಗೆ ಅವರ ಆಪ್ತಮಿತ್ರರಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ತೀರಿಕೊಂಡಿದ್ದರು. ಇದು ನನ್ನ ಮಿತ್ರನ ದೃಶ್ಯದ ಬೇರು. ಪುಸ್ತಕದಲ್ಲಿಯೂ ಶೈರ್ ಚಿಗುರುತ್ತದೆ, ಫ್ರೋಡೋ ಚಿಗುರುವುದಿಲ್ಲ. ಹಳೆಯ ಗಾಯ ವರ್ಷವರ್ಷವೂ ಮರುಕಳಿಸುತ್ತದೆ. ಕೊನೆಗೆ ಅವನು ಹಡಗು ಹತ್ತಿ ಕಡಲಾಚೆಗೆ ಹೊರಟುಹೋಗುತ್ತಾನೆ. ಚಿತ್ರವು ಇದನ್ನು ಬಿಡಲಿಲ್ಲ ಎಂಬುದನ್ನು ನನ್ನ ಸಿಟ್ಟು ಮರೆತಿತ್ತು.

ಇನ್ನೊಂದು ಸಂಗತಿಯೂ ನನ್ನನ್ನು ಮೆತ್ತಗೆ ಮಾಡಿತು. ಈ ಕಥೆಯನ್ನು ಚಿತ್ರವಾಗಿಸಲು ಹೊರಟವರೊಬ್ಬರ ಬರಹವನ್ನು ೧೯೫೮ರಲ್ಲಿ ಓದಿ, ಟೋಲ್ಕೀನರು ಒಂದು ಕಟುವಾದ ಪತ್ರವನ್ನು ಬರೆದಿದ್ದರು. ಎರಡು ಪ್ರಸಂಗಗಳನ್ನು ಅರ್ಥವಾಗುವಷ್ಟು ವಿಸ್ತಾರವಾಗಿ ತೋರಿಸಲು ಆಗದಿದ್ದರೆ, ಎರಡನ್ನೂ ತುರುಕುವುದಕ್ಕಿಂತ ಒಂದನ್ನು ಪೂರ್ತಿ ಬಿಡುವುದೇ ಲೇಸು ಎಂಬುದು ಅವರ ಅಭಿಪ್ರಾಯ. ಬಿಡಬಹುದೆಂದು ಅವರು ಅಂದು ಹೇಳಿದ್ದು ಹಾರ್ನ್‌ಬರ್ಗ್ ಕೋಟೆಯ ಕಾಳಗವನ್ನು. ಜ್ಯಾಕ್ಸನ್ನರ ಎರಡನೆಯ ಚಿತ್ರದ ಜೀವಾಳವೇ ಅದು! ಇರಲಿ. ಮೂರನೆಯ ಚಿತ್ರ ಮೂರು ಗಂಟೆ ಇಪ್ಪತ್ತು ನಿಮಿಷದ್ದು. ಮುಕ್ತಾಯಗಳೇ ಹೆಚ್ಚಾದವೆಂದು ಗೊಣಗಿದವರೂ ಇದ್ದಾರೆ. ಅಲ್ಲಿ ನನ್ನ ಅಧ್ಯಾಯವನ್ನು ಐದು ನಿಮಿಷಕ್ಕೆ ಹಿಂಡಿ ಹಾಕಿದ್ದರೆ ನಾನು ಇನ್ನೂ ಹೆಚ್ಚು ಕೂಗುತ್ತಿದ್ದೆ. ಮೊದಲ ಚಿತ್ರದಲ್ಲಿ ರಾಣಿಯ ನೀರುಗನ್ನಡಿಯೊಳಗೆ ಶೈರ್ ಉರಿಯುವುದು ಒಂದು ಕ್ಷಣ ಕಾಣಿಸುತ್ತದೆ. ಬಿಟ್ಟವರಿಗೂ ತಾವು ಏನನ್ನು ಬಿಟ್ಟೆವೆಂಬ ಅರಿವಿತ್ತು ಎಂದುಕೊಂಡಿದ್ದೇನೆ. ಪಂಪನು ಅರ್ಜುನನನ್ನೇ ನಾಯಕನನ್ನಾಗಿಸಿ ಭಾರತವನ್ನು ತನ್ನಂತೆ ಹೇಳಿದನೆಂದು ತರಗತಿಯಲ್ಲಿ ತಲೆದೂಗುವ ನಾವು, ಚಿತ್ರದವರಿಗೂ ಆ ಸಲಿಗೆಯನ್ನು ಸ್ವಲ್ಪ ಕೊಡಬೇಕಷ್ಟೆ.

ಹೀಗೆಂದು ನನ್ನ ಅಧ್ಯಾಯವನ್ನು ನಾನು ಬಿಟ್ಟುಕೊಟ್ಟಿಲ್ಲ. ಚಿತ್ರ ನೋಡಿದವರು ಅದೊಂದನ್ನಾದರೂ ಓದಬೇಕೆಂಬುದು ಈಗಲೂ ನನ್ನ ಹಟ. ಕಾಲೇಜಿನ ಗ್ರಂಥಭಂಡಾರದಿಂದ ಮೂರನೆಯ ಸಂಪುಟವನ್ನು ತಂದು ಮಿತ್ರನ ಮೇಜಿನ ಮೇಲಿಟ್ಟೆ. ಒಂದು ವಾರ ಅವನು ಏನೂ ಹೇಳಲಿಲ್ಲ. ಆಮೇಲೊಂದು ಸಂಜೆ, "ಊರವರಲ್ಲಿ ಸತ್ತವರು ಹತ್ತೊಂಬತ್ತು ಮಂದಿ ಅಂತ ಎಣಿಸಿ ಬರೆದಿದ್ದಾರಲ್ಲೋ! ಗೋರಿಯ ಸುತ್ತ ತೋಟವನ್ನೂ ಹಾಕಿಸಿದ್ದಾರೆ. ಯುದ್ಧ ನೋಡದವರಿಗೆ ಅಷ್ಟು ಲೆಕ್ಕ ಇರುವುದಿಲ್ಲ," ಎಂದ. ಅಣ್ಣ ಮತ್ತೆ ರಜೆಗೆ ಬಂದಾಗ ಅವನಿಗೆ ಅದನ್ನು ಕನ್ನಡದಲ್ಲಿ ಹೇಳುತ್ತಾನಂತೆ. ಅದಕ್ಕಾಗಿ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದಾನೆ. ತಡವಾದ ದಂಡ ನನ್ನ ಹೆಸರಿನಲ್ಲಿ ಬೆಳೆಯುತ್ತಿದೆ. ಗ್ರಂಥಪಾಲಕರು ಇದನ್ನು ಓದಿದರೆ ದಯವಿಟ್ಟು ಮನ್ನಿಸಬೇಕು.

ಬರುವ ಮಳೆಗಾಲಕ್ಕೆ ನಮ್ಮೂರ ಶಾಲೆಯ ಅಂಗಳದಲ್ಲಿ ಒಂದು ಅರಳಿ ಸಸಿಯನ್ನು ನೆಡಬೇಕೆಂದಿದ್ದೇನೆ. ನೆಟ್ಟ ಮೇಲೆ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಹಾಗೆ ಅಚ್ಚಿನಲ್ಲಿ ಹೇಳಿಕೊಂಡ ಮೇಲೆ, ಇನ್ನು ನೆಡದೆ ಗತಿಯಿಲ್ಲ.