ಮರದ ಲೆಕ್ಕ, ಭಾಗ 6: ಹಲಸಿನ ಮೇಜು, ಅಪ್ಪನ ಸಂಬಳ

ಮೊದಲ ಫೋಟೋದಲ್ಲಿ ಅರಿಶಿನ ಬಣ್ಣದ ಮೇಜು ಉಂಟಲ್ಲ, ಅದು ಬಣ್ಣ ಹಚ್ಚಿದ್ದಲ್ಲ, ಫಿಲ್ಟರೂ ಅಲ್ಲ. ಹಲಸಿನ ಮರ ಹೊಸತಾಗಿ ಕೀಸಿದಾಗ ಹಾಗೇ ಇರುವುದು. ಬೆಳಕು ಬಿದ್ದು ಬಿದ್ದು ಮೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ವೀಣೆ, ಮೃದಂಗ ಮಾಡುವುದೂ ಇದೇ ಮರದಲ್ಲಿ.

ಕೆಮ್ಮಣ್ಣು ಅಂದ್ರೆ ನಿಮಗೆ ತೂಗುಸೇತುವೆಯ ರೀಲ್ಸ್ ಮಾತ್ರ ಗೊತ್ತಿರಬಹುದು. ಅದೇ ಊರಲ್ಲಿ, ನಮ್ಮ ಮನೆ ಹಿಂದಿನ ಶೆಡ್ಡಲ್ಲಿ ಅಪ್ಪ ಆಚಾರಿ ಕೆಲಸ ಮಾಡ್ತಾರೆ. ಆರ್ಡರ್, ಡಿಸೈನ್, ಕೊಟೇಶನ್ ನನ್ನ ಡಿಪಾರ್ಟ್‌ಮೆಂಟ್. ಬಿಕಾಂ ಓದುವವರು ಮನೆಯಲ್ಲಿದ್ರೆ ಲೆಕ್ಕ ಅವರ ತಲೆಗೇ ಬೀಳುವುದು, ನಿಮ್ಮಲ್ಲೂ ಹಾಗೇ ಅಲ್ವಾ?

ಈ ಆರ್ಡರ್ ಕೊಟ್ಟದ್ದು ಸಂತೆಕಟ್ಟೆ ಕಡೆಯ ಒಬ್ಬರು ಅಕ್ಕ. ಅವರ ಅಂಗಳದ ಹಲಸಿನ ಮರ ಗಾಳಿಮಳೆಗೆ ಬಿದ್ದಿತ್ತು. ಹಲಗೆ ಮಾಡಿಸಿ ಎರಡು ವರ್ಷ ಒಣಗಿಸಿ ಇಟ್ಟಿದ್ರು. "ಅತ್ತೆ ನೆಟ್ಟ ಮರ ಅದು, ಸೌದೆ ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ" ಅಂದ್ರು. ಆರು ಜನ ಊಟಕ್ಕೆ ಕೂರುವ ಮೇಜು ಬೇಕಿತ್ತು. ಆರಡಿ ಉದ್ದ, ಮೂರಡಿ ಅಗಲ.

ನಾನು ಮೊಬೈಲಲ್ಲಿ ಚಂದದ ಡಿಸೈನ್ ಮಾಡಿ ತೋರಿಸಿದೆ. ಎಲ್ಲರಿಗೂ ಇಷ್ಟ ಆಯ್ತು. ಆದ್ರೆ ಅಪ್ಪ ಅಲ್ಲಿ ಮೇಜಿನ ಬಗ್ಗೆ ಮಾತೇ ಆಡ್ಲಿಲ್ಲ, ಅಜ್ಜಿ ಊಟ ಮಾಡುವುದನ್ನು ನೋಡ್ತಾ ಕೂತಿದ್ರು. ಅಜ್ಜಿ ಕುರ್ಚಿ ಮೇಲೆ ಕೂಡ ಚಕ್ಕಳಮಟ್ಟೆ ಹಾಕಿಯೇ ಕೂರುವುದು! ವಾಪಸ್ ಬರುವಾಗ ಸ್ಕೂಟರಲ್ಲಿ ಹಿಂದಿನಿಂದ ಹೇಳಿದ್ರು, "ನಿನ್ನ ಮೇಜಲ್ಲಿ ಅಜ್ಜಿಗೆ ಊಟ ಇಲ್ಲ."

ಲೆಕ್ಕ ಹಾಕಿದೆ. ಮೇಜಿನ ಎತ್ತರ 30 ಇಂಚು. ಮೇಲಿನ ಹಲಗೆ ಒಂದೂಕಾಲು ಇಂಚು ದಪ್ಪ, ಅದರ ಕೆಳಗಿನ ಪಟ್ಟಿ ನಾಲ್ಕು ಇಂಚು. ಕುರ್ಚಿ 18 ಇಂಚು. ಉಳಿಯುವುದು ಏಳು ಇಂಚಿಗೂ ಕಮ್ಮಿ. ಮಡಚಿದ ಮೊಣಕಾಲು ಪಟ್ಟಿಗೆ ತಾಗುತ್ತದೆ. ಪಟ್ಟಿಯನ್ನು ಎರಡೂವರೆ ಇಂಚಿಗೆ ಇಳಿಸಿದೆವು. ಹಾಗೆ ಮಾಡಿದ್ರೆ ಮೇಜು ಅಲುಗಾಡ್ತದೆ, ಅದಕ್ಕೆ ಕೆಳಗೆ ಕಾಲಿಂದ ಕಾಲಿಗೆ ಇನ್ನೊಂದು ಅಡ್ಡಪಟ್ಟಿ. ನನ್ನ ಡಿಸೈನ್ ಪೂರಾ ಬದಲಾಯ್ತು, ಕೆಲಸವೂ ಎರಡು ದಿನ ಜಾಸ್ತಿ ಆಯ್ತು. ರೇಟ್ ಮಾತ್ರ ನಾನು ಮೊದಲೇ ಹೇಳಿ ಆಗಿತ್ತು.

ಮೂರನೇ ಫೋಟೋ ಝೂಮ್ ಮಾಡಿ. ಮೇಜಿನ ಅಡಿಯಲ್ಲಿ ಸ್ಕ್ರೂ ಹಾಕಿದ ತೂತುಗಳು ಗುಂಡಗಿಲ್ಲ, ಉದ್ದುದ್ದ ಇವೆ. ನನ್ನ ಕೈ ತಪ್ಪಿದ್ದು ಅಂದ್ಕೊಳ್ಬೇಡಿ. ನಮ್ಮ ಮಳೆಗಾಲದಲ್ಲಿ ಮರ ತೇವ ಎಳೆದು ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ. ಬಿಗಿಯಾಗಿ ಸ್ಕ್ರೂ ಹಾಕಿದ್ರೆ ಹಲಗೆಗೆ ಹೋಗ್ಲಿಕ್ಕೆ ಜಾಗ ಇಲ್ಲದೆ ಒಂದು ದಿನ ಸೀಳು ಬಿಡುತ್ತದೆ. ಉದ್ದ ತೂತಲ್ಲಿ ಸ್ಕ್ರೂ ಸ್ವಲ್ಪ ಆಚೀಚೆ ಸರಿಯುತ್ತದೆ. ಯಾರಿಗೂ ಕಾಣದ ಈ ತೂತುಗಳಿಗೆ ಅಪ್ಪ ಅರ್ಧ ದಿನ ಕೊಟ್ರು. ನನಗಂತೂ ಆಗ ಸಿಟ್ಟೇ ಬಂದಿತ್ತು, ನಿಜ ಹೇಳ್ಬೇಕಂದ್ರೆ.

ಈಗ ಹಣದ ವಿಷಯ. ಇದನ್ನು ಬರೀಬೇಕಾ ಬೇಡ್ವಾ ಅಂತ ಮೂರು ದಿನ ಯೋಚಿಸಿದೆ.

ನಾನು ಕೊಟ್ಟ ಕೊಟೇಶನ್ 18,000. ಮರ ಅವರದ್ದೇ. ಮಿಲ್ಲಲ್ಲಿ ಹಲಗೆ ಕೀಸಿಸಿದ್ದು 1,800, ಪಾಲಿಶ್, ಅಂಟು, ಪೇಪರ್ 2,900, ಸ್ಕ್ರೂ 400, ಟೆಂಪೋ 900. ಸಹಾಯಕ್ಕೆ ಬಂದ ಹುಡುಗನಿಗೆ ದಿನಕ್ಕೆ 900ರಂತೆ ಮೂರು ದಿನ, 2,700. ಒಟ್ಟು 8,700. ಉಳಿದದ್ದು 9,300. ಲಾಭ ಅಂತ ಅಮ್ಮನ ಹತ್ರ ಹೇಳಿ ಪಾರ್ಟಿ ಕೂಡ ಕೇಳಿದ್ದೆ.

ರಾತ್ರಿ ಇಂಟರ್ನಲ್ಸಿಗೆ ಕಾಸ್ಟಿಂಗ್ ಓದ್ತಾ ಇದ್ದೆ. ಇಂಪ್ಯೂಟೆಡ್ ಕಾಸ್ಟ್. ಕೈಯಿಂದ ಹಣ ಹೋಗದಿದ್ದರೂ ಲೆಕ್ಕಕ್ಕೆ ಹಿಡಿಯಬೇಕಾದ ಖರ್ಚು. ಸ್ವಂತ ಕಟ್ಟಡದ ಬಾಡಿಗೆ, ಮಾಲೀಕನ ಸ್ವಂತ ದುಡಿಮೆ. ಎರಡು ಮಾರ್ಕಿನ ಪ್ರಶ್ನೆ ಅಂತ ಅಂಡರ್‌ಲೈನ್ ಮಾಡಿದ್ದೆ. ಪೆನ್ ಅಲ್ಲೇ ನಿಂತಿತು. ಅಪ್ಪ ಕೆಲಸ ಮಾಡಿದ್ದು 11 ದಿನ. 9,300ನ್ನು 11ರಿಂದ ಭಾಗಿಸಿದ್ರೆ ದಿನಕ್ಕೆ 845. ಸಹಾಯದ ಹುಡುಗನಿಗಿಂತ 55 ರೂಪಾಯಿ ಕಮ್ಮಿ! ಅಪ್ಪ ಬೇರೆಯವರ ಮನೆ ಕೆಲಸಕ್ಕೆ ಹೋದ್ರೆ 1,100 ಸಿಗ್ತದೆ. ಅಂದ್ರೆ 12,100 ಬರಬೇಕಿತ್ತು. ನಾನು ಹಿಡಿದ ಆರ್ಡರಲ್ಲಿ ಅಪ್ಪನಿಗೆ 2,800 ನಷ್ಟ. ಶೆಡ್ಡಿನ ಕರೆಂಟ್ ಇನ್ನೂ ಸೇರಿಸಿಲ್ಲ.

ಅಪ್ಪನಿಗೆ ತೋರಿಸಿದೆ. "ನನ್ನ ಸಂಬಳ ಎಂತಕ್ಕೆ ಬರೀತಿ ಮಾರಾಯ, ಉಳಿದದ್ದೆಲ್ಲ ನಮ್ಮದೇ ಅಲ್ವಾ" ಅಂದ್ರು.

ಆ ಅಕ್ಕನ ಮೇಲೆ ನನಗೇನೂ ಬೇಸರ ಇಲ್ಲ. ನಾನು ಕೇಳಿದಷ್ಟು ಅವರು ಚೌಕಾಸಿ ಮಾಡದೆ ಕೊಟ್ರು. ಮೇಜು ಇಟ್ಟ ದಿನ ಅಜ್ಜಿ ಕಾಲು ಮಡಚಿ ಕೂತು, ಹಲಗೆ ಮೇಲೆ ಕೈಯಾಡಿಸಿ, "ಅಂಟು ಉಂಟಾ ಇನ್ನೂ" ಅಂತ ಕೇಳಿದ್ರು, ಹಲಸಿನ ಮೇಣದ ನೆನಪಲ್ಲಿ. ಕೊನೆಯ ಫೋಟೋ ಅದೇ. ಅಜ್ಜಿ ಮುಖ ಬೇಡ ಅಂದದ್ದಕ್ಕೆ ಕೈ ಮಾತ್ರ.

ಕಳೆದ ವಾರ ಒಬ್ಬರು ಸ್ಟಡಿ ಟೇಬಲ್ ಕೇಳಿದ್ರು. ಈ ಸಲ ಕೊಟೇಶನಲ್ಲಿ ಹೊಸ ಸಾಲು ಹಾಕಿದೆ: ಆಚಾರಿ ಸಂಬಳ, 6 ದಿನ, 6,600. ಅಪ್ಪ ಓದಿ, ಇಷ್ಟು ಹೇಳಿದ್ರೆ ಯಾರು ಬರ್ತಾರೆ ಅಂತ ಶೆಡ್ಡಿಗೆ ಹೋದ್ರು. ಕಳಿಸಿಬಿಟ್ಟೆ. ಅವರು ನೋಡಿದ್ದಾರೆ, ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ.

ನಿನ್ನೆ ಊಟಕ್ಕೆ ಕೂತಾಗ ಅಪ್ಪನೇ ಕೇಳಿದ್ರು, "ಆರು ದಿನ ಅಂತ ಬರ್ದಿದ್ದಿಯಲ್ಲ, ಡ್ರಾವರ್ ಉಂಟಲ್ವಾ ಅದಕ್ಕೆ? ಏಳು ಮಾಡು."