ಅಜ್ಜಾ, ಇದು ಕ್ಲಾಸಲ್ಲ!

ಮೇಷ್ಟ್ರಾದವರಿಗೆ ಒಂದು ಕಾಯಿಲೆ ಇರುತ್ತದೆ. ನಾಲ್ಕು ಜನ ಎಲ್ಲಿ ಸೇರಿದರೂ ಅದು ತರಗತಿಯಂತೆ ಕಾಣುತ್ತದೆ. ಎದುರಿಗೊಂದು ಗೋಡೆ ಇದ್ದರೆ ಸಾಕು, ಕೈ ಸೀಮೆಸುಣ್ಣಕ್ಕಾಗಿ ತಡಕಾಡುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿರುವ ನನಗೆ ಈ ಕಾಯಿಲೆ ವಾಸಿಯಾಗುವ ಹಂತ ದಾಟಿದೆ ಎಂಬುದು ನನ್ನ ಶ್ರೀಮತಿಯ ಅಭಿಪ್ರಾಯ. ಅವಳ ಮಾತು ನಿಜವೆಂದು ನನಗೆ ಮನದಟ್ಟಾದದ್ದು ನಮ್ಮೂರಿನಲ್ಲಲ್ಲ, ದಕ್ಷಿಣ ಕೊರಿಯಾದ ಸೋಲ್ ನಗರದ ಒಂದು ಹಳೆಯ ಓಣಿಯಲ್ಲಿ.

ಅಳಿಯನಿಗೆ ಅಲ್ಲಿ ಕೆಲಸ. ‘ಅಪ್ಪಾ, ರಿಟೈರ್ ಆಗೋವರೆಗೂ ಕಾಯಬೇಡ, ಈಗಲೇ ಬಾ’ ಎಂದು ಮಗಳು ವರಾತ ಹಚ್ಚಿದ್ದರಿಂದ 2025ರ ನವೆಂಬರಿನಲ್ಲಿ ಗಳಿಕೆ ರಜೆ ಹಾಕಿ ಇಬ್ಬರೂ ಹೊರಟೆವು. ಮೊಮ್ಮಗಳಿಗೆ ಏಳು ವರ್ಷ, ಮೊಮ್ಮಗನಿಗೆ ನಾಲ್ಕು. ಒಂದು ಶನಿವಾರ ಎಲ್ಲರೂ ಸೇರಿ ಬುಕ್‌ಚೋನ್ ನೋಡಿ ಬರುವುದೆಂದು ತೀರ್ಮಾನವಾಯಿತು.

ಬುಕ್‌ಚೋನ್ ಎಂದರೆ ಉತ್ತರದ ಹಳ್ಳಿ. ಗ್ಯೋಂಗ್‌ಬೊಕ್‌ಗುಂಗ್ ಮತ್ತು ಚಾಂಗ್‌ದೊಕ್‌ಗುಂಗ್ ಎಂಬ ಎರಡು ಅರಮನೆಗಳ ನಡುವಿನ ಈ ಪ್ರದೇಶದಲ್ಲಿ ರಾಜರ ಕಾಲದಲ್ಲಿ ದೊಡ್ಡ ಅಧಿಕಾರಿಗಳು, ಶ್ರೀಮಂತರು ಇದ್ದರು. ಹಾನೊಕ್ ಎಂಬ ಸಾಂಪ್ರದಾಯಿಕ ಮನೆಗಳು ಸಾಲುಸಾಲಾಗಿ ಉಳಿದಿರುವ ಜಾಗವಿದು. ಮೆಟ್ರೊ ರೈಲಿನಲ್ಲೇ ಮಗಳು ಮಕ್ಕಳಿಗೆ ತಾಕೀತು ಮಾಡಿದಳು: ‘ಅಲ್ಲಿ ಮನೆಗಳಲ್ಲಿ ಜನ ಇದಾರೆ. ಗಲಾಟೆ ಮಾಡಬಾರದು, ಕಿರುಚಬಾರದು.’ ಮಕ್ಕಳು ತಲೆಯಾಡಿಸಿದವು. ನನ್ನಿಂದ ಯಾರೂ ಮಾತು ತೆಗೆದುಕೊಳ್ಳಲಿಲ್ಲ.

ಆಂಗುಕ್ ನಿಲ್ದಾಣದಲ್ಲಿಳಿದು ಏರು ದಾರಿಯಲ್ಲಿ ನಡೆದೆವು. ರಸ್ತೆಬದಿಯ ಗಿಂಕೊ ಮರಗಳ ಎಲೆಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಬಾಡಿಗೆಗೆ ಹಾನ್‌ಬೊಕ್ ಉಡುಪು ತೊಟ್ಟ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾವು ಹೋದದ್ದು ಅತ್ಯಂತ ಹೆಸರಾದ 11ನೆಯ ಅಡ್ಡಓಣಿಗೆ. ಎರಡೂ ಬದಿಗೆ ಬೂದು ಬಣ್ಣದ ಹೆಂಚಿನ ಸೂರುಗಳು, ಮರದ ಬಾಗಿಲುಗಳು. ಓಣಿಯ ತುದಿಯಿಂದ ನೋಡಿದರೆ ದೂರದ ಬೆಟ್ಟದ ಮೇಲೆ ನಗರದ ಗೋಪುರ. ಅಲ್ಲೊಂದು ಫಲಕವಿತ್ತು: ಪ್ರವಾಸಿಗರಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಪ್ರವೇಶ. ತಪ್ಪಿದರೆ ಒಂದು ಲಕ್ಷ ವೊನ್ ದಂಡ, ಅಂದರೆ ನಮ್ಮ ಸುಮಾರು ಆರು ಸಾವಿರ ರೂಪಾಯಿ. 2025ರ ಮಾರ್ಚಿನಿಂದ ಈ ದಂಡ ಜಾರಿಗೆ ಬಂತೆಂದು ಅಳಿಯ ಹೇಳಿದ.

ನನ್ನ ಗಮನವೆಲ್ಲ ಸೂರಿನ ಮೇಲಿತ್ತು. ಗೋಡೆಯಿಂದ ಅಷ್ಟು ಮುಂದಕ್ಕೆ ಚಾಚಿ, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಬಾಗಿದ ಸೂರು! ನಾನು ಶುರುಮಾಡಿಯೇಬಿಟ್ಟೆ. ‘ಮಕ್ಕಳೇ, ಸೋಲ್ ಸುಮಾರು 37.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ಮಧ್ಯಾಹ್ನ ಇಲ್ಲಿ ಸೂರ್ಯ 76 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಈ ಸೂರು ಬಿಸಿಲನ್ನು ತಡೆಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಬರೀ 29 ಡಿಗ್ರಿಗೆ ಇಳಿಯುತ್ತಾನೆ. ಆಗ ಬಿಸಿಲು ಸೂರಿನಡಿ ತೂರಿ ಕೋಣೆಯೊಳಕ್ಕೆ ಬರುತ್ತದೆ. ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು! ಹೇಗಿದೆ ಲೆಕ್ಕ?’

ಅರವತ್ತು ಮಕ್ಕಳ ತರಗತಿಯಲ್ಲಿ ಕೊನೆಯ ಬೆಂಚಿನವರೆಗೆ ತಲುಪಿ ತಲುಪಿ ಪಳಗಿದ ಗಂಟಲು ನನ್ನದು. ಕಿರಿದಾದ ಓಣಿ, ಎರಡೂ ಕಡೆ ಗೋಡೆ. ಧ್ವನಿಯ ಪ್ರತಿಫಲನದ ಬಗ್ಗೆ ಪ್ರತಿ ವರ್ಷ ಪಾಠ ಮಾಡುವವನಿಗೆ ಆ ಕ್ಷಣದಲ್ಲಿ ಅದು ನೆನಪಾಗಲಿಲ್ಲ.

ಜಾಕೆಟ್ ತೊಟ್ಟ ಹಿರಿಯರೊಬ್ಬರು ಎದುರಿಗೆ ಬಂದು ನಿಂತರು. ಕೈಯಲ್ಲಿ ‘ದಯವಿಟ್ಟು ನಿಶ್ಶಬ್ದ’ ಎಂದು ಹಲವು ಭಾಷೆಗಳಲ್ಲಿ ಬರೆದ ಫಲಕ. ಅದರಲ್ಲಿ ಕನ್ನಡ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವರು ತುಟಿಯ ಮೇಲೆ ಬೆರಳಿಟ್ಟು ನನಗೇ ತಲೆಬಾಗಿ ನಮಸ್ಕರಿಸಿದರು. ಮಕ್ಕಳಿಗಲ್ಲ, ನನಗೆ! ಮೊಮ್ಮಗಳು ನನ್ನ ಕೋಟಿನ ತುದಿ ಜಗ್ಗಿ ಪಿಸುಗುಟ್ಟಿದಳು: ‘ಅಜ್ಜಾ, ಇದು ಕ್ಲಾಸಲ್ಲ. ಮನೆ.’

ಮೂವತ್ತು ವರ್ಷ ‘ಸೈಲೆನ್ಸ್’ ಎಂದು ಮೇಜು ಕುಟ್ಟಿದವನನ್ನು ಸುಮ್ಮನಿರಿಸಲು ಒಂದು ಬೆರಳು ಸಾಕಾಯಿತು. ಶ್ರೀಮತಿ ಬೇರೆ ಕಡೆ ತಿರುಗಿ ನಗುತ್ತಿದ್ದಳು. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಬಾಯಿ ಮುಚ್ಚಿದ ಮೇಲೆ ಕಣ್ಣು ತೆರೆಯಿತೆನ್ನಿ. ಬಾಗಿಲ ಬಳಿ ಯಾರಿಗೋ ಬಂದ ಪಾರ್ಸೆಲ್ ಡಬ್ಬ. ಗೋಡೆಗೊರಗಿಸಿದ ಪುಟ್ಟ ಸೈಕಲ್ಲು. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು, ಎಳ್ಳೆಣ್ಣೆಯ ಪರಿಮಳ. ನಾನು ಅಕ್ಷಾಂಶ ವಿವರಿಸುತ್ತಿದ್ದದ್ದು ಯಾರದೋ ಅಡುಗೆಮನೆಯ ಕಿಟಕಿಯ ಕೆಳಗೆ!

ಅಳಿಯ ಪಿಸುದನಿಯಲ್ಲಿ ಈ ಮನೆಗಳ ಕಥೆ ಹೇಳಿದ. ಇವು ರಾಜರ ಕಾಲದವೆಂದು ಎಲ್ಲರೂ ಭಾವಿಸುತ್ತಾರಂತೆ. ಆದರೆ ಬಹುಪಾಲು ಕಟ್ಟಿದ್ದು ಜಪಾನೀಯರ ಆಳ್ವಿಕೆಯಿದ್ದ 1920, 30ರ ದಶಕಗಳಲ್ಲಿ. ಚೊಂಗ್ ಸೆ-ಗ್ವೊನ್ ಎಂಬ ಕಟ್ಟಡ ಉದ್ಯಮಿ ಶ್ರೀಮಂತರ ದೊಡ್ಡ ನಿವೇಶನಗಳನ್ನು ಕೊಂಡು, ತುಂಡು ಮಾಡಿ, ಸಾಮಾನ್ಯ ಕೊರಿಯನ್ನರು ಊರ ನಡುವೆಯೇ ಉಳಿಯಲೆಂದು ಚಿಕ್ಕಚಿಕ್ಕ ಹಾನೊಕ್‌ಗಳನ್ನು ಕಟ್ಟಿಸಿದ. ಕೊರಿಯನ್ ಭಾಷೆಯ ನಿಘಂಟಿಗಾಗಿ ದುಡಿಯುತ್ತಿದ್ದ ಭಾಷಾ ಸಂಘಕ್ಕೆ ಕಟ್ಟಡವನ್ನೂ ಕೊಟ್ಟ. 1942ರಲ್ಲಿ ಆ ಸಂಘದವರನ್ನು ಬಂಧಿಸಿದಾಗ ಇವನೂ ಪೊಲೀಸರ ಕೈಗೆ ಸಿಕ್ಕಿ ಹಿಂಸೆ ಅನುಭವಿಸಿದ. ಪ್ರದರ್ಶನಕ್ಕೆಂದು ಕಟ್ಟಿದ ಮನೆಗಳಲ್ಲ ಇವು, ಬಾಳಲೆಂದು ಕಟ್ಟಿದವು. ಫಲಕ ಹಿಡಿದು ನಿಂತ ಆ ಹಿರಿಯರ ಮೇಲೆ ನನಗಿದ್ದ ಚೂರು ಮುನಿಸೂ ಕರಗಿತು.

ಚಳಿಗಾಳಿ ಹೆಚ್ಚಾಯಿತು. ಸಮೀಪದ ಹಾನೊಕ್ ಒಂದರಲ್ಲಿ ಚಹಾದಂಗಡಿ ಇತ್ತು. ಚಪ್ಪಲಿ ಬಿಟ್ಟು ಒಳಹೊಕ್ಕೆವು. ದೊಡ್ಡವರಿಗೆ ಓಮಿಜಾ ಚಹಾ ಬಂತು. ಓ ಎಂದರೆ ಐದು, ಮಿ ಎಂದರೆ ರುಚಿ. ಸಿಹಿ, ಹುಳಿ, ಕಹಿ, ಉಪ್ಪು, ಖಾರ ಐದೂ ಒಂದೇ ಕೆಂಪು ಹಣ್ಣಿನಲ್ಲಿವೆಯಂತೆ. ನನ್ನ ನಾಲಿಗೆಗೆ ಸಿಕ್ಕಿದ್ದು ಹುಳಿ, ಸಿಹಿ ಎರಡೇ. ಮಕ್ಕಳಿಗೆ ಅದಾವುದೂ ಬೇಡ. ಮೊಮ್ಮಗ ನೆಲದ ಮೇಲೆ ಬೋರಲು ಮಲಗಿ ಕೆನ್ನೆ ಆನಿಸಿದ. ನೆಲ ಬೆಚ್ಚಗಿತ್ತು.

‘ಇಲ್ಲಿ ಬಿಸಿ’ ಎಂದ. ಸ್ವಲ್ಪ ಉರುಳಿ, ‘ಇಲ್ಲಿ ಕಡಿಮೆ’ ಎಂದ. ಮತ್ತೆ ಉರುಳಿ, ‘ಇಲ್ಲಿ ಮತ್ತೆ ಬಿಸಿ! ಕೆಳಗಡೆ ಹಾವು ಮಲಗಿದೆ!’

ನನ್ನ ನಾಲಿಗೆಯ ತುದಿಗೆ ಉಷ್ಣವಹನದ ಇಡೀ ಅಧ್ಯಾಯ ಬಂದು ನಿಂತಿತು. ಚಹಾ ಕುಡಿದು ನುಂಗಿಕೊಂಡೆ. ಅಕ್ಕ ಬಂದಳು. ಅಂಗೈಯನ್ನು ಗೇಣುಗೇಣಿಗೆ ಇಡುತ್ತಾ ಹೋದಳು. ತಿರುವಿನಲ್ಲಿ ನಿಂತಳು, ವಾಪಸು ಬಂದಳು. ‘ಹಾವಲ್ವೋ, ಪೈಪು. ಬಿಸಿನೀರು ಹೋಗ್ತಿದೆ. ನಮ್ಮನೇಲೂ ಹಿಂಗೇ ಇರತ್ತೆ.’ ಆಮೇಲೆ ನನ್ನ ಕಡೆ ತಿರುಗಿ, ‘ಅಜ್ಜಾ, ಪೈಪು ಇಲ್ಲದೇ ಇದ್ದಾಗ ಏನ್ ಮಾಡ್ತಿದ್ರು?’ ಎಂದಳು.

ನಾನು ಕಾದದ್ದು ಹೆಚ್ಚೆಂದರೆ ಐದು ನಿಮಿಷ. ಆದರೆ ಪ್ರಶ್ನೆ ತಾನಾಗಿ ಬಂತು! ಪಿಸುದನಿಯಲ್ಲೇ ಹೇಳಿದೆ: ಅಡುಗೆಮನೆಯ ಒಲೆಯ ಬಿಸಿಯನ್ನೂ ಹೊಗೆಯನ್ನೂ ನೆಲದಡಿಯ ಕಾಲುವೆಗಳಲ್ಲಿ ಹಾಯಿಸಿ, ಆಚೆ ತುದಿಯ ಹೊಗೆಗೂಡಿನಿಂದ ಹೊರಬಿಡುತ್ತಿದ್ದರು, ಮೇಲಿನ ಕಲ್ಲುಚಪ್ಪಡಿಗಳು ಕಾದು ಬಹಳ ಹೊತ್ತು ಬಿಸಿ ಹಿಡಿದಿಡುತ್ತಿದ್ದವು. ಇದಕ್ಕೆ ಓಂದೊಲ್ ಎನ್ನುತ್ತಾರೆ. ಒಲೆಗೆ ಹತ್ತಿರದ ಜಾಗ ಹೆಚ್ಚು ಬೆಚ್ಚಗೆ, ಅದು ಮನೆಯ ಹಿರಿಯರಿಗೆ ಮೀಸಲು. ಇಷ್ಟು ಕೇಳಿದ್ದೇ ಮೊಮ್ಮಗ ಎದ್ದು, ತಾನು ಕಂಡುಹಿಡಿದಿದ್ದ ‘ಹಾವಿನ’ ಜಾಗ ತೋರಿಸಿ, ‘ಅಜ್ಜಾ, ನೀನು ಇಲ್ಲಿ ಕೂತ್ಕೋ’ ಎಂದ. ಕೂತೆ.

ಪೋಷಕರೇ, ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ದಾರಿಯುದ್ದಕ್ಕೂ ಪಾಠ ಒಪ್ಪಿಸುತ್ತೇವೆ. ನನ್ನ ಸೂರಿನ ಪಾಠ ಸರಿಯಾಗಿಯೇ ಇತ್ತು. ಆದರೆ ಮೊಮ್ಮಕ್ಕಳಿಗೆ ಅದರ ಒಂದು ಡಿಗ್ರಿಯೂ ನೆನಪಿಲ್ಲ. ನೆಲದ ಹಾವನ್ನು ಮಾತ್ರ ಈಗಲೂ ಫೋನಿನಲ್ಲಿ ಜ್ಞಾಪಿಸುತ್ತಾರೆ.

ಊರಿಗೆ ಮರಳಿದ ವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಮಧ್ಯಾಹ್ನ ಮೈದಾನಕ್ಕೆ ಕರೆದೊಯ್ದೆ. ಒಂದು ಕೋಲು ನೆಟ್ಟು, ‘ನೋಡಿ’ ಎಂದಷ್ಟೇ ಹೇಳಿ ಪಕ್ಕಕ್ಕೆ ನಿಂತೆ. ಹತ್ತು ನಿಮಿಷ ಕಳೆಯಿತು. ಕೊನೆಗೆ ಹಿಂದಿನ ಸಾಲಿನಿಂದ ಮೊದಲ ಪ್ರಶ್ನೆ ಬಂತು:

‘ಸಾರ್, ಹುಷಾರಿಲ್ವಾ?’