ನಗಿಸುವ ಗೆಳೆಯನ ಕೈಯಲ್ಲೇ ಚೂರಿ! ಅಮ್ಮಿನಬಾವಿ ಹಾದಿಯಲ್ಲೊಂದು ಪ್ರೇಮಕಥೆಯ ಪಾಠ

ಧಾರವಾಡಕ್ಕೆ ಹೋದ ಚಿತ್ರರಸಿಕರು ಏನು ಮಾಡ್ತಾರೆ? ಪೇಢೆ ಕಟ್ಟಿಸಿಕೊಳ್ತಾರೆ, ಸಾಧನಕೇರಿ ನೋಡ್ತಾರೆ, ಹುಬ್ಬಳ್ಳಿಗೆ ಬಂದು ಒಂದು ಆಟ ಮುಗಿಸಿ ರಾತ್ರಿ ಬಸ್ ಹಿಡೀತಾರೆ. ಗೆಳೆಯರೇ, ಮುಂದಿನ ಸಲ ಅರ್ಧ ದಿನ ಉಳಿಸಿಕೊಳ್ಳಿ. ಧಾರವಾಡದಿಂದ ಸವದತ್ತಿ ಕಡೆ ಹೋಗುವ ಬಸ್ ಹತ್ತಿ. ಸುಮಾರು ಹತ್ತು ಕಿಲೋಮೀಟರ್ ಅಷ್ಟೇ. ಕಂಡಕ್ಟರು ಚಿಲ್ಲರೆ ಹುಡುಕಿ ಕೊಡುವಷ್ಟರಲ್ಲಿ ಅಮ್ಮಿನಬಾವಿ ಬಂದುಬಿಡುತ್ತೆ!

ಮಲೆನಾಡಿನ ಅಂಚಿನ ಹಸಿರು ಇಲ್ಲಿಗೆ ಹಿಂದೆ ಸರಿದು, ಕಣ್ಣು ಹರಿಯುವಷ್ಟು ದೂರ ಕರಿ ಎರೆಭೂಮಿ. ಹತ್ತಿ, ಜೋಳ, ಕಡಲೆ. ಊರೊಳಗೆ ನೇಮಿನಾಥನ ಹಳೆಯ ಬಸದಿ ಇದೆ, ಮಠ ಇದೆ. ಹೆಸರಿನಲ್ಲೇ ಬಾವಿ ಇರುವ ಊರಿಗೆ ಇನ್ನೊಂದು ನೀರಿನ ನಂಟೂ ಉಂಟು. ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟಿ ನಿಲ್ಲಿಸಿದ ಮಲಪ್ರಭೆಯ ನೀರು ಇಲ್ಲಿನ ಶುದ್ಧೀಕರಣ ಘಟಕ ದಾಟಿಯೇ ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಹೋಗುವುದು. ಇದೇ ರಸ್ತೆಯಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರ ದಂಡು, ‘ಉಧೋ ಉಧೋ’ ಎನ್ನುವ ಕೂಗು.

ಸಿನಿಮಾ ಪತ್ರಿಕೆಯಲ್ಲಿ ಹತ್ತಿ, ಜೋಳ, ನೀರಿನ ಮಾತ್ಯಾಕೆ ಅಂತೀರಾ? ತಡೀರಿ, ಬಂದೆವು!

ಈಗ ಒಂದು ಜಾತಿಯ ಚಿತ್ರಗಳಿಗೆ ಬಹಳ ಮಾನ. ದೊಡ್ಡ ತಾರೆ ಇಲ್ಲ, ದೊಡ್ಡ ದುಡ್ಡಿಲ್ಲ. ಕಥೆ ಪ್ರೇಮದ್ದೇ, ನಗುವೂ ಬೇಕಾದಷ್ಟು. ಆದರೆ ನಗುನಗುತ್ತಾ ಇರುವಾಗಲೇ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತೆ. ಕಪ್ಪು ಹಾಸ್ಯದ ಪ್ರೇಮಚಿತ್ರ ಅನ್ನಿ. ಇದೆಲ್ಲ ವಿದೇಶದಿಂದ ಬಂದ ಸರಕು ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಅಲ್ಲ ಸ್ವಾಮಿ! ಈ ಎರೆಸೀಮೆಯ ಜನ ಅದನ್ನು ಹಾರ್ಮೋನಿಯಂ, ತಾಳದ ಜೊತೆ ಬೆಳಗಿನ ತನಕ ಕೂತು ನೋಡಿದವರು. ಅದರ ಹೆಸರು ಸಣ್ಣಾಟ.

ಸಣ್ಣಾಟದಲ್ಲಿ ಎರಡು ದಾರಿ. ಒಂದು, ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ‘ಶ್ರೀಕೃಷ್ಣ ಪಾರಿಜಾತ’. ಒಂದು ಹೂವಿಗಾಗಿ ಸತ್ಯಭಾಮೆಯ ಮುನಿಸು, ಕೃಷ್ಣನ ಪೇಚಾಟ, ನಡುವೆ ಭಾಗವತನಿಗೂ ದೂತಿಗೂ ಮಾತಿನ ಚಕಮಕಿ. ಅಪ್ಪಟ ಬೆಳದಿಂಗಳ ಹಾಸ್ಯ. ಎಲ್ಲರೂ ಕೊನೆಗೆ ಸುಖವಾಗಿ ಮನೆಗೆ ಹೋಗ್ತಾರೆ.

ಇನ್ನೊಂದು ಕತ್ತಲೆಯ ದಾರಿ, ‘ಸಂಗ್ಯಾ-ಬಾಳ್ಯಾ’. ಧಾರವಾಡಕ್ಕೆ ದೂರವಲ್ಲದ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಸಂಗತಿ ಎಂದೇ ಜನ ಹೇಳಿಕೊಂಡು ಬಂದ ಕಥೆ. ದುಡ್ಡಿನ ಕುಳ ಸಂಗ್ಯಾ. ಅವನ ಜೀವದ ಗೆಳೆಯ ಬಾಳ್ಯಾ. ಸಂಗ್ಯಾನ ಕಣ್ಣು ಇನ್ನೊಬ್ಬನ ಹೆಂಡತಿ ಗಂಗಿಯ ಮೇಲೆ ಬೀಳುತ್ತೆ. ಗೆಳೆಯನ ಹುರುಪು, ನಡುವೆ ಓಡಾಡುವ ಮುದುಕಿಯ ಸಂಧಾನ, ಹಾಡಿನ ಮೇಲೆ ಹಾಡು, ನಗುವಿನ ಮೇಲೆ ನಗು. ಗಂಗಿಯ ಗಂಡ ಊರು ಬಿಟ್ಟು ವ್ಯಾಪಾರಕ್ಕೆ ಹೋದಾಗ ಪ್ರೇಮ ಕೈಗೂಡುತ್ತೆ. ಆಮೇಲೆ? ಇಷ್ಟು ಹೊತ್ತು ಜೊತೆಗೆ ಕುಣಿದ ಬಾಳ್ಯಾನೇ ಸಂಗ್ಯಾನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ! ಚಂದ್ರಶೇಖರ ಕಂಬಾರರು ಇದನ್ನು ತಮ್ಮ ರೀತಿಯಲ್ಲಿ ನಾಟಕವಾಗಿ ಬರೆದರು, ಕಥೆ ಬೆಳ್ಳಿತೆರೆಗೂ ಬಂತು.

ಇಲ್ಲೇ ಗಮನಿಸಬೇಕು. ನಮ್ಮ ಹಳೆಯ ಚಿತ್ರಗಳಲ್ಲಿ ನಾಯಕನ ಗೆಳೆಯ ಯಾವಾಗಲೂ ನಂಬಿಗಸ್ತ. ರಾಜಕುಮಾರ್ ಪಕ್ಕದಲ್ಲಿ ನರಸಿಂಹರಾಜು ಬಂದರೆ ಪ್ರೇಕ್ಷಕನಿಗೆ ಧೈರ್ಯ: ಇನ್ನು ಏನೂ ಕೆಡುಕಾಗಲ್ಲ. ಎಷ್ಟೋ ಚಿತ್ರಗಳಲ್ಲಿ ಹಾಸ್ಯ ಅಂದರೆ ಕಥೆಗೆ ಸಿಕ್ಕ ಬಿಡುವು. ಸಣ್ಣಾಟದವರು ಆ ಬಿಡುವನ್ನೇ ಕಿತ್ತುಕೊಂಡರು. ನಗಿಸುವವನ ಕೈಗೇ ಕಥೆಯ ಕೀಲಿ ಕೊಟ್ಟರು. ಮೊದಲರ್ಧ ನಮ್ಮನ್ನು ನಗಿಸಿದವನೇ ಕೊನೆಗೆ ಮೋಸ ಮಾಡಿದಾಗ, ಅವನ ಜೊತೆ ನಕ್ಕ ನಮಗೂ ಪಾಲು ಬಂತಲ್ಲ ಎಂದು ಮೈ ಜುಮ್ಮೆನ್ನುತ್ತೆ. ಕತ್ತಲೆಯ ಪ್ರೇಮಹಾಸ್ಯದ ಮೊದಲ ಕಟ್ಟಳೆ ಇದೇ: ನಗು ಬೇರೆ, ಕಥೆ ಬೇರೆ ಅಲ್ಲ.

ಎರಡನೆಯ ಕಟ್ಟಳೆಗೆ ಗಿರೀಶ ಕಾರ್ನಾಡರ ಹತ್ತಿರ ಹೋಗೋಣ. ಧಾರವಾಡದಲ್ಲಿ ಬೆಳೆದ, ಕರ್ನಾಟಕ ಕಾಲೇಜಿನಲ್ಲಿ ಓದಿದ ಕಾರ್ನಾಡರು ಎ. ಕೆ. ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ‘ನಾಗಮಂಡಲ’ ಬರೆದರು. ಊರಿನ ದೀಪಗಳು ಆರಿದ ಮೇಲೆ ಆ ದೀಪಗಳ ಜ್ಯೋತಿಗಳೆಲ್ಲ ಹಾಳುಗುಡಿಯಲ್ಲಿ ಸೇರಿ ಮನೆಮನೆಯ ಗುಟ್ಟು ಹೇಳಿಕೊಳ್ಳುತ್ತವೆ. ಎಂಥಾ ಕಲ್ಪನೆ! ಅಲ್ಲಿ ಕೇಳುವ ಕಥೆ ರಾಣಿಯದು. ಗಂಡ ಅಪ್ಪಣ್ಣ ಅವಳನ್ನು ಮನೆಯೊಳಗೆ ಕೂಡಿಹಾಕಿ ಬೇರೊಬ್ಬಳ ಮನೆಗೆ ಹೋಗ್ತಾನೆ. ವಶೀಕರಣದ ಬೇರು ಹಾಕಿದ ಸಾರು ಹುತ್ತಕ್ಕೆ ಬೀಳುತ್ತೆ. ನಾಗಪ್ಪನಿಗೇ ಪ್ರೀತಿ ಹುಟ್ಟಿ, ರಾತ್ರಿ ಗಂಡನ ವೇಷದಲ್ಲಿ ಬರ್ತಾನೆ.

1997ರಲ್ಲಿ ಟಿ. ಎಸ್. ನಾಗಾಭರಣ ಇದನ್ನು ಚಿತ್ರ ಮಾಡಿದರು. ಪ್ರಕಾಶ್ ರೈ ಗಂಡನೂ ಹೌದು, ನಾಗನೂ ಹೌದು. ರಾಣಿಯಾಗಿ ವಿಜಯಲಕ್ಷ್ಮಿ, ಸಿ. ಅಶ್ವಥ್ ಸಂಗೀತ. ಬಸುರಿಯಾದ ಹೆಂಡತಿಯನ್ನು ಅಪ್ಪಣ್ಣ ಪಂಚಾಯಿತಿಗೆ ಎಳೀತಾನೆ. ರಾಣಿ ಹಾವು ಹಿಡಿದು ಸತ್ಯ ಹೇಳ್ತಾಳೆ: ನನ್ನ ಗಂಡನನ್ನೂ ಈ ನಾಗಪ್ಪನನ್ನೂ ಬಿಟ್ಟು ಇನ್ನಾರನ್ನೂ ಮುಟ್ಟಿಲ್ಲ! ಮಾತು ಅಕ್ಷರಶಃ ನಿಜ. ಊರು ಅವಳ ಕಾಲಿಗೆ ಬೀಳುತ್ತೆ, ಅಪ್ಪಣ್ಣ ಬಾಯಿ ಬಿಡುವ ಹಾಗಿಲ್ಲ. ನೋಡುವವರಿಗೆ ನಗು ಉಕ್ಕುತ್ತೆ. ಆದರೆ ಒಬ್ಬ ಹೆಣ್ಣು ಬದುಕಿ ಉಳಿಯೋಕೆ ದೇವತೆಯೇ ಆಗಬೇಕಾಯ್ತಲ್ಲ ಎಂದು ನೆನೆದರೆ ಆ ನಗು ಅಲ್ಲೇ ಒಣಗುತ್ತೆ. ಎರಡನೆಯ ಕಟ್ಟಳೆ ಇದು: ಕೊನೆಗೆ ಎಲ್ಲ ಸರಿಹೋದ ಹಾಗೆ ಕಾಣಬೇಕು, ಸರಿಹೋಗಿರಬಾರದು. ನಾಟಕದಲ್ಲಂತೂ ಕೇಳುತ್ತಿದ್ದ ಜ್ಯೋತಿಗಳಿಗೇ ಮುಕ್ತಾಯ ಒಪ್ಪಿಗೆಯಾಗದೆ ಇನ್ನೊಂದು ಮುಕ್ತಾಯ ಹುಟ್ಟುತ್ತೆ!

ಇನ್ನು ನಮ್ಮ ಕಾಲದ ಹುಡುಗರು. 2013ರಲ್ಲಿ ಪವನ್ ಕುಮಾರ್ ಜನರಿಂದಲೇ ದುಡ್ಡು ಕೂಡಿಸಿ ‘ಲೂಸಿಯಾ’ ತೆಗೆದರು. ಅದರ ನಾಯಕ, ಥಿಯೇಟರಿನ ಕತ್ತಲಲ್ಲಿ ಟಾರ್ಚ್ ಬಿಟ್ಟು ನಮಗೆ ಸೀಟು ತೋರಿಸುವ ಹುಡುಗ. ಸತೀಶ್ ನೀನಾಸಂ ಮಾಡಿದ ಆ ಪಾತ್ರ ಕನಸಿನ ಗುಳಿಗೆ ನುಂಗಿ ಪ್ರೀತಿ ಮಾಡುತ್ತೆ. ಕೊನೆಯ ಗುಟ್ಟು ನಾವು ಬಿಡೋದಿಲ್ಲ! 2017ರಲ್ಲಿ ಮಂಗಳೂರಿನಿಂದ ‘ಒಂದು ಮೊಟ್ಟೆಯ ಕಥೆ’ ಬಂತು. ರಾಜ್ ಬಿ. ಶೆಟ್ಟಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದರು. ಕನ್ನಡ ಮೇಷ್ಟ್ರು ಜನಾರ್ದನ, ಅಣ್ಣಾವ್ರ ಭಕ್ತ. ತಲೆ ಬೋಳು, ಹೆಣ್ಣು ಸಿಗ್ತಿಲ್ಲ. ಪಾಪ ಅಂತ ನಾವು ಅವನ ಪಕ್ಷ ವಹಿಸಿ ನಗ್ತೀವಿ. ಆದರೆ ಅದೇ ಜನಾರ್ದನ ದಪ್ಪಗಿರುವ ಸರಳಾಳನ್ನು ಅಳೆಯೋದೂ ಊರವರು ಅವನನ್ನು ಅಳೆದ ಅದೇ ಅಳತೆಗೋಲಿನಿಂದ! ನಗುವಿನ ಮೊನೆ ನಾಯಕನ ಕಡೆ ತಿರುಗಿತು. ಅವನ ಹಿಂದೆ ಕೂತ ನಮ್ಮ ಕಡೆಗೂ ತಿರುಗಿತು. ಸಂಗ್ಯಾನ ಕಥೆ ನೋಡಿ ಮೈ ಜುಮ್ಮೆಂದದ್ದೂ ಹೀಗೇ ಅಲ್ಲವೇ?

ಈ ಮಾತು ಯಾಕೆ ಮುಖ್ಯ ಗೊತ್ತೇ? ನಾವು ಹುಡುಗರು ಪ್ರೀತಿ ಮಾಡೋದನ್ನು ಬಹುಪಾಲು ಪರದೆ ನೋಡಿಯೇ ಕಲಿತವರು. ಹಿಂದೆ ಬಿದ್ದರೆ ಒಲೀತಾಳೆ, ಬೇಡ ಅಂದರೆ ಬೇಕು ಅಂತ ಅರ್ಥ, ಗೆಳೆಯ ಚೀಟಿ ಕೊಟ್ಟರೆ ಕೆಲಸ ಆಯ್ತು... ಇದೆಲ್ಲ ಹಾಸ್ಯದ ಹೆಸರಲ್ಲೇ ನಮ್ಮೊಳಗೆ ಇಳಿದ ಪಾಠ. ಗೆಳೆಯರ ಉತ್ತೇಜನ, ಮಧ್ಯಸ್ಥರ ಸುಳ್ಳು, ಹಿಂದೆ ಬೀಳುವ ಹುಚ್ಚು, ಇವೆಲ್ಲ ‘ಸಂಗ್ಯಾ-ಬಾಳ್ಯಾ’ದಲ್ಲೂ ಇವೆ. ಆದರೆ ಆ ಆಟ ಲೆಕ್ಕವನ್ನು ಕೊನೆಯ ತನಕ ಒಯ್ಯುತ್ತೆ. ಒಬ್ಬನ ಹೆಣ ಬೀಳುತ್ತೆ, ಒಬ್ಬಳ ಬಾಳು ಹಾಳಾಗುತ್ತೆ. ನಗಿಸಿದ್ದಕ್ಕೆ ಬೆಲೆ ಎಷ್ಟು, ಕೊಟ್ಟವರು ಯಾರು ಅಂತ ಮುಚ್ಚಿಡದೆ ಹೇಳುತ್ತೆ. ಒಳ್ಳೆಯ ಕಪ್ಪು ಹಾಸ್ಯದ ಚಿತ್ರ ಮಾಡೋದೂ ಅದನ್ನೇ.

ಆದ್ದರಿಂದ ಮೊಬೈಲಿನಲ್ಲೇ ಚಿತ್ರ ತೆಗೆಯಲು ಹೊರಟಿರುವ ನಮ್ಮ ಓದುಗ ಮಿತ್ರರಿಗೆ ಒಂದು ಮಾತು. ಕಥೆ ಹುಡುಕಿ ಬೆಂಗಳೂರಿಗೆ ಹೋಗುವ ಮೊದಲು ಜಾತ್ರೆಯ ಕಾಲದಲ್ಲಿ ಈ ರಸ್ತೆಗೆ ಬನ್ನಿ. ಸುತ್ತಲ ಯಾವುದಾದರೂ ಹಳ್ಳಿಯಲ್ಲಿ ಸಣ್ಣಾಟ ಇದೆಯಾ ಅಂತ ಕಟ್ಟೆ ಮೇಲಿನ ಹಿರಿಯರನ್ನು ‘ಯಜಮಾನ್ರ, ಆಟ ಎಲ್ಲೈತ್ರಿ?’ ಅಂತ ಕೇಳಿ. ಸಿಕ್ಕರೆ ಮುಂದಿನ ಸಾಲಿನಲ್ಲಿ ಕೂರಬೇಡಿ. ಒಂದು ಬದಿಗೆ ಕೂತು ಆಟವನ್ನಲ್ಲ, ಜನರನ್ನು ನೋಡಿ. ಬಾಳ್ಯಾ ಬಂದಾಗ ಯಾರು ನಗ್ತಾರೆ, ಎಲ್ಲಿ ನಗು ನಿಲ್ಲುತ್ತೆ, ಹೆಂಗಸರು ಯಾವ ಮಾತಿಗೆ ಸುಮ್ಮನಾಗ್ತಾರೆ ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಚಿತ್ರಕಥೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಹಾಂ, ಚಳಿಗಾಲದಲ್ಲಿ ಬರೋದಾದರೆ ಕಂಬಳಿ ಮರೀಬೇಡಿ. ಎರೆಭೂಮಿಯ ರಾತ್ರಿ ತಣ್ಣಗಿರುತ್ತೆ, ಆಟ ಬೆಳಗಿನ ತನಕ ನಡೆಯುತ್ತೆ!